ಬ್ಯಾಟಿನಲ್ಲಿ ಬಡಿದ ಅಂಗಳ

ಕ್ರಿಕೆಟ್ ನನಗೆ ಹಿಡಿಸುವುದಿಲ್ಲ. ದುಡಿಯುವ ವಯಸ್ಸಿನ ಗಂಡಸರು ಬಿಸಿಲಿನಲ್ಲಿ ನಿಂತು, ಒಬ್ಬ ಹಲಗೆ ಬೀಸುವುದನ್ನೇ ಕಾಯುವ ಆಟ ಅದು. ಇದನ್ನು ನಾನು ಕರ್ನಲ್ ಸಾಹೇಬರ ಮುಖಕ್ಕೇ ಹೇಳಿದ್ದೆ. ಆ ಆಟಕ್ಕೆ ಅರ್ಧ ಆಯುಷ್ಯ ಕೊಟ್ಟ ಮನುಷ್ಯ ಅವರು. ಆದರೂ ಸಿಟ್ಟು ಮಾಡಲಿಲ್ಲ.

“ಸರಿಯಾಗಿ ಹೇಳಿದೆ ಬೀಬಿ. ನಮ್ಮ ಅಬ್ಬಾನೂ ಇದನ್ನೇ ಹೇಳ್ತಿದ್ದರು. ಅವರು ಬೆತ್ತ ಹಿಡಿದುಕೊಂಡು ಹೇಳ್ತಿದ್ದರು, ಅಷ್ಟೇ ವ್ಯತ್ಯಾಸ.”

ಸಾಹೇಬರು ಪಾಕಿಸ್ತಾನದವರು, ಪಂಜಾಬಿನ ಒಂದು ಹಳ್ಳಿ. ನಾನು ಮೂಡುಬಿದಿರೆ ಕಡೆಯವಳು. ನಮ್ಮಿಬ್ಬರನ್ನು ಒಂದು ಸೂರಿನ ಕೆಳಗೆ ಹಾಕಿದ್ದು ಕುವೈತ್. ಅವರ ಅಳಿಯ ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಇಂಜಿನಿಯರ್, ಮಗಳು ಮಕ್ಕಳ ಡಾಕ್ಟರು. ಹೆಂಡತಿ ತೀರಿದ ಮೇಲೆ ಸಾಹೇಬರನ್ನು ಮಗಳು ತನ್ನ ಹತ್ತಿರ ಕರೆಸಿಕೊಂಡಳು. ಅಡುಗೆಗೆ ನಾನು ಸೇರಿದೆ. ಅವರದು ಉರ್ದು, ನನ್ನದು ಬೊಂಬಾಯಿಯಲ್ಲಿ ಪಾತ್ರೆ ತಿಕ್ಕುತ್ತಾ ಕಲಿತ ಹಿಂದಿ. ಎರಡೂ ಸೇರಿ ನಮ್ಮ ಮಾತು ನಡೆಯುತ್ತಿತ್ತು. ಇಲ್ಲಿ ಅದನ್ನು ನಮ್ಮ ಭಾಷೆಗೆ ತಿರುಗಿಸಿ ಬರೆಯುತ್ತಿದ್ದೇನೆ.

ಸೇರಿದ ಹೊಸತರಲ್ಲಿ ಅವರ ಊರಿನ ಮಾಂಸದ ಸಾರು ಮಾಡಲು ಹೋಗಿ ಕೆಡಿಸಿದೆ. ಸಾಹೇಬರು ಒಂದು ಚಮಚ ಬಾಯಿಗಿಟ್ಟು ಕೆಳಗಿಟ್ಟರು. “ನೀನು ಏನು ತಿನ್ನುತ್ತೀಯೋ ಅದನ್ನು ಕೊಡು” ಎಂದರು. ಕುಚ್ಚಲಕ್ಕಿ ಗಂಜಿ, ಸುಟ್ಟ ಮೆಣಸಿನ ತೆಂಗಿನ ಚಟ್ನಿ ಕೊಟ್ಟೆ. ಅವತ್ತಿನಿಂದ ರಾತ್ರಿಗೆ ಅವರಿಗೆ ಅದೇ. ಮಗಳು ಮೂಗು ಮುರಿದಳು, “ಖಾಲಾ, ಅಬ್ಬೂಗೆ ಕಾಯಿಲೆಯವರ ಊಟ ಯಾಕೆ ಕೊಡ್ತೀರಿ?” ಎಂದಳು. ಸಾಹೇಬರು ತಟ್ಟೆಯಿಂದ ತಲೆ ಎತ್ತಲಿಲ್ಲ.

ಅವರ ಕೋಣೆಯ ಗೋಡೆಯಲ್ಲಿ ಫೋಟೋಗಳಿದ್ದವು. ಒಂದರಲ್ಲಿ ಬಿಳಿ ಬಟ್ಟೆಯ ಹುಡುಗರ ನಡುವೆ ಸಾಹೇಬರು ಸಪೂರವಾಗಿ ನಿಂತಿದ್ದಾರೆ. ದೇಶದ ತಂಡದ ಜೊತೆ ಒಂದು ಸಲ ಹೊರಗೆ ಹೋಗಿದ್ದರಂತೆ, ಆದರೆ ಆಡಲು ಸಿಗಲಿಲ್ಲ, ಆಡುವವರಿಗೆ ನೀರು ಹೊತ್ತು ಬಂದರು. ಇನ್ನೊಂದರಲ್ಲಿ ಖಾಕಿ, ಎದೆಯ ಮೇಲೆ ಬಣ್ಣದ ಪಟ್ಟಿಗಳು. ಮತ್ತೊಂದರಲ್ಲಿ ಒಂದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಮುದುಕ ಮುದುಕಿಯರು ಬೆಂಚಿನ ಮೇಲೆ ಸಾಲಾಗಿ ಕೂತಿದ್ದಾರೆ. ಅದು ಅವರ ಹಳ್ಳಿಯಲ್ಲಿ ಅವರು ಕಟ್ಟಿಸಿದ ಕಣ್ಣಿನ ಆಸ್ಪತ್ರೆ. ಕಾಸಿಲ್ಲದವರಿಗೆ ಪೊರೆ ತೆಗೆದು ಕಳುಹಿಸುತ್ತಾರೆ. ಅದಕ್ಕಾಗಿ ಜಮೀನು ಮಾರಿದರು, ಆಮೇಲೆ ತಮ್ಮ ಆಟದ ಕೋಟು, ಟೋಪಿ, ಹೆಸರು ಬರೆದ ಬ್ಯಾಟುಗಳನ್ನೂ ಆಸೆ ಇದ್ದವರಿಗೆ ಮಾರಿದರು. ಉಳಿದದ್ದು ಒಂದು ಕೆಂಪು ಚರ್ಮದ ಚೆಂಡು. ಅದನ್ನು ಕಾಲುಚೀಲದಲ್ಲಿ ಸುತ್ತಿ ಕಪಾಟಿನಲ್ಲಿ ಇಟ್ಟುಕೊಂಡಿದ್ದರು.

“ಎಲ್ಲ ಕೊಟ್ಟು ಮುಗಿದ ಮೇಲೆ ನನ್ನನ್ನೂ ಯಾರಿಗಾದರೂ ಕೊಟ್ಟುಬಿಡ್ತೀರಿ ಸಾಬ್.”

“ನಿನ್ನನ್ನು ಯಾರು ತಗೊಳ್ತಾರೆ? ಬಾಯಿ ನೋಡಿ ವಾಪಸ್ ಕಳಿಸ್ತಾರೆ.”

ದಾನ ಮಾಡುವವರನ್ನು ಹೊಗಳುವುದು ಸುಲಭ. ಅವರ ಮನೆಯಲ್ಲಿ ಅಡುಗೆ ಮಾಡಿ ನೋಡಬೇಕು. ಕೆಲಸ ಹೋದವನು, ವೀಸಾ ಕೊಟ್ಟ ಕಫೀಲನ ಜೊತೆ ಜಗಳವಾದವನು, ತಾಯಿ ಸತ್ತು ಊರಿಗೆ ಹೋಗಲಾಗದವನು, ಯಾರಾದರೊಬ್ಬ ಬಾಗಿಲಲ್ಲಿ ನಿಂತೇ ಇರುತ್ತಿದ್ದ. ಬಂದವನಿಗೆ ಉಣ್ಣಿಸದೆ ಸಾಹೇಬರು ಮಾತು ಕೇಳುತ್ತಿರಲಿಲ್ಲ. ಹಸಿದವನು ಅರ್ಧ ಸುಳ್ಳು ಹೇಳುತ್ತಾನೆ, ಉಂಡ ಮೇಲೆ ನಿಜ ಹೇಳುತ್ತಾನೆ ಎನ್ನುತ್ತಿದ್ದರು. ನಿಜವೋ ಸುಳ್ಳೋ, ರೊಟ್ಟಿ ಲಟ್ಟಿಸಿ ನನ್ನ ಮಣಿಕಟ್ಟು ಊದುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಅವರನ್ನು ಮನೆಯಲ್ಲಿ ಹಿಡಿದಿಡಲು ಯಾರಿಂದಲೂ ಆಗುತ್ತಿರಲಿಲ್ಲ. ಕಾರ್ಮಿಕರ ಕ್ಯಾಂಪಿನ ಹಿಂದೆ ಒಂದು ಜಲ್ಲಿ ಬಯಲು. ಪಂಜಾಬಿನ ಎರಡೂ ಕಡೆಯವರು, ಬಂಗಾಳಿಗಳು, ನಮ್ಮ ಕರಾವಳಿಯ ಹುಡುಗರು, ಎಲ್ಲ ಅಲ್ಲಿ ಆಡುತ್ತಿದ್ದರು. ಟೆನಿಸ್ ಚೆಂಡಿಗೆ ಕರೆಂಟಿನವರ ಟೇಪು ಸುತ್ತಿ ಆಡುವುದು. ಸಾಹೇಬರು ಮಡಚುವ ಕುರ್ಚಿಯಲ್ಲಿ ಕೂತು ತೀರ್ಪು ಹೇಳುತ್ತಿದ್ದರು. ನಾನು ಕಡಲೆ ಹಾಕಿದ ಪಲಾವು, ಮಜ್ಜಿಗೆ ಹೊತ್ತುಕೊಂಡು ಹೋಗುತ್ತಿದ್ದೆ. ಕಾರು ಓಡಿಸುವವನು ಪುತ್ತೂರು ಕಡೆಯ ಬ್ಯಾರಿ. ನನ್ನನ್ನು ಅಕ್ಕ ಎನ್ನುತ್ತಿದ್ದ, ನನಗಿಂತ ಒಳ್ಳೆಯ ತುಳು ಮಾತಾಡುತ್ತಿದ್ದ.

ಆ ಬಯಲಿನ ನಡುವೆ ಸಿಮೆಂಟಿನ ಒಂದು ಪಟ್ಟಿ, ಅದರ ಮೇಲೆ ಹಸಿರು ಚಾಪೆ. ಚೆಂಡು ಬೀಳುವುದು ಅಲ್ಲೇ. ಬಿದ್ದಾಗಲೆಲ್ಲ ಸಾಹೇಬರ ಮುಖ ಸಣ್ಣಗಾಗುತ್ತಿತ್ತು.

“ಕೇಳು ಬೀಬಿ. ಚಪ್ಪಲಿಯಲ್ಲಿ ಕೆನ್ನೆಗೆ ಹೊಡೆದ ಹಾಗೆ ಕೇಳ್ತದೆ. ಮಣ್ಣಿನ ಸದ್ದು ಹೀಗಲ್ಲ.”

“ಸದ್ದು ಯಾವುದಾದರೇನು? ಚೆಂಡು ಎದ್ದರೆ ಆಯಿತಲ್ಲ.”

“ನಾನು ಚೆಂಡು ತಿರುಗಿಸುವವನು. ಮಣ್ಣಿನಲ್ಲಿ ಕಚ್ಚಿ ಏಳಬೇಕು ಅದು. ಕಚ್ಚಿದರೆ ಒಂದು ಸದ್ದು, ಕಚ್ಚದಿದ್ದರೆ ಇನ್ನೊಂದು. ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗ್ತಿತ್ತು, ಇವತ್ತು ನನ್ನ ದಿನ ಹೌದೋ ಅಲ್ಲವೋ ಅಂತ.”

ಅವರ ಕಣ್ಣು ಆಗಲೇ ಹೋಗುತ್ತಾ ಬಂದಿತ್ತು. ಪೊರೆಯಾಗಿದ್ದರೆ ಅವರ ಆಸ್ಪತ್ರೆಯಲ್ಲೇ ತೆಗೆಸಬಹುದಿತ್ತು. ಇದು ಕಣ್ಣಿನ ಹಿಂದಿನ ನರದ ಕಾಯಿಲೆ, ಔಷಧಿ ಹಾಕಿದರೆ ನಿಧಾನವಾಗುತ್ತದೆ, ವಾಸಿಯಾಗುವುದಿಲ್ಲ ಎಂದು ಮಗಳು ನನಗೆ ಹೇಳಿದಳು. ಮೊದಲು ಬದಿಯ ನೋಟ ಹೋಯಿತು. ಆಮೇಲೆ ನಾನು ಎದುರಿಗೆ ನಿಂತರೂ “ಯಾರು?” ಎಂದು ಕೇಳತೊಡಗಿದರು. ಗಂಜಿಯ ಬಟ್ಟಲನ್ನು ಯಾವಾಗಲೂ ಒಂದೇ ಜಾಗದಲ್ಲಿ ಇಡಬೇಕಾಗಿತ್ತು.

ಅದೇ ಚಳಿಗಾಲದಲ್ಲಿ ಅಳಿಯನ ಕೆಲಸದ ಅವಧಿ ಮುಗಿಯುವುದು ಖಚಿತವಾಯಿತು. ಅವರೆಲ್ಲ ಕೆನಡಾಕ್ಕೆ ಹೋಗಿ ನೆಲೆಸುವುದೆಂದು ತೀರ್ಮಾನ ಮಾಡಿದರು. ಸಾಹೇಬರನ್ನೂ ಕರೆದುಕೊಂಡು ಹೋಗುವುದು. ಅವರು ಇಲ್ಲವೆನ್ನಲಿಲ್ಲ. ಒಂದೇ ಮಾತು ಕೇಳಿದರು.

“ಹೋಗುವ ಮೊದಲು ನನ್ನ ಊರಿನ ಮೈದಾನದಲ್ಲಿ ಒಂದು ಚೆಂಡು ಹಾಕಬೇಕು. ಒಂದೇ. ನೋಡಲು ಆಗದಿದ್ದರೆ ಬೇಡ, ಕೇಳಿಸಿಕೊಳ್ತೇನೆ.”

ಮಗಳು ಒಪ್ಪಲಿಲ್ಲ. ಎದೆಯ ಆಪರೇಷನ್ ಆಗಿದೆ, ವಿಮಾನ ಹತ್ತಿ ಇಳಿದು ಮತ್ತೆ ಹತ್ತಲು ಆಗುವುದಿಲ್ಲ ಎಂದಳು. ಸಮಾಧಾನ ಮಾಡಲು ಊರಿನಲ್ಲಿದ್ದ ಸಾಹೇಬರ ಅಣ್ಣನ ಮಗನಿಗೆ ವೀಡಿಯೋ ಕಾಲ್ ಮಾಡಿಸಿದಳು. ಮೈದಾನ ತೋರಿಸು ಎಂದಳು. ಆಮೇಲೆ ಕ್ಲಿನಿಕ್ಕಿನಿಂದ ಫೋನು ಬಂತೆಂದು ಒಳಗೆ ಹೋದಳು. ಫೋನು ಹಿಡಿದುಕೊಂಡದ್ದು ನಾನು.

“ಏನು ಕಾಣ್ತದೆ ಬೀಬಿ?”

ಕಂಡದ್ದನ್ನು ಹೇಳಿದೆ. ದೊಡ್ಡ ಗೇಟು, ಬಣ್ಣದ ದೀಪದ ಮಾಲೆ, ಕುರ್ಚಿ ಜೋಡಿಸಿದ ಮದುವೆ ಹಾಲ್. ಎದುರಿಗೆಲ್ಲ ಕೆಂಪು ಬೂದು ಬಣ್ಣದ ಸಿಮೆಂಟು ಕಲ್ಲು ಹಾಸಿದ್ದಾರೆ.

“ಮಣ್ಣು?”

“ಇಲ್ಲ ಸಾಬ್. ಹೂವಿನ ಚಟ್ಟಿಯಲ್ಲಿ ಸ್ವಲ್ಪ ಉಂಟು.”

ಆ ಕಡೆಯಿಂದ ಅಣ್ಣನ ಮಗ ಏನೋ ಸಮಜಾಯಿಷಿ ಹೇಳುತ್ತಿದ್ದ. ಸಾಹೇಬರು ಸಾಕೆಂದು ಕೈ ಮಾಡಿದರು. ಸುಳ್ಳು ಹೇಳಬಹುದಿತ್ತು ಎಂದು ಕಾರಿನವನು ಆಮೇಲೆ ನನ್ನನ್ನು ಬೈದ. ಕಣ್ಣು ಕಾಣದವರಿಗೆ ಸುಳ್ಳು ಹೇಳುವುದು ಕುರುಡನ ತಟ್ಟೆಯಿಂದ ಮೀನು ಎತ್ತಿದ ಹಾಗೆ ಎಂದು ನಾನು ಅವನಿಗೆ ತಿರುಗಿ ಹೇಳಿದೆ.

ನನಗೆ ಆ ಕಲ್ಲು ಗೊತ್ತಿತ್ತು. ಇಂಟರ್‌ಲಾಕ್ ಎನ್ನುತ್ತಾರೆ. ನಮ್ಮ ಅಂಗಳಕ್ಕೂ ತಮ್ಮ ಅದನ್ನೇ ಹಾಕಿಸಿದ್ದಾನೆ. ನಾನು ಹಿಂದಿನ ಸಲ ಊರಿಗೆ ಹೋದಾಗ ಗೇಟಿನ ಒಳಗೆ ಕಾಲಿಟ್ಟವಳು ಬೇರೆಯವರ ಮನೆಯೆಂದು ಹಿಂದೆ ಸರಿದಿದ್ದೆ. “ಎಂಥ ಚಂದ ಅಲ್ವಾ ಅಕ್ಕ, ಇನ್ನು ಕೆಸರಿಲ್ಲ” ಎಂದ ತಮ್ಮ. ಕೆಸರಿಲ್ಲ, ಹೌದು. ಅಲ್ಲಿ ನಾವು ಹೆಂಗಸರು ಕೊಯ್ಲಿಗೆ ಮೊದಲು ಸಾಲಾಗಿ ಕುಕ್ಕರಗಾಲಿನಲ್ಲಿ ಕೂತು ಅಂಗಳ ಬಡಿಯುತ್ತಿದ್ದೆವು. ಮಳೆಗೆ ಎದ್ದ ಹುಲ್ಲು ಕೆತ್ತಿ, ಮಣ್ಣು ಕೆದಕಿ, ನೀರು ಹೊಯ್ದು ತುಳಿದು, ಅರೆ ಒಣಗಿದ ಮೇಲೆ ಪೆಟ್ಟುಮಣೆಯಲ್ಲಿ ಬಡಿಯುವುದು. ಪೆಟ್ಟುಮಣೆ ಎಂದರೆ ಹಿಡಿ ಇರುವ ಮರದ ಹಲಗೆ. ಆಮೇಲೆ ಸೆಗಣಿಗೆ ಮಸಿ ಕಲಸಿ ಸಾರಿಸಿದರೆ ಕನ್ನಡಿಯ ಹಾಗೆ ಕಪ್ಪಗೆ ಹೊಳೆಯುತ್ತಿತ್ತು. ಬರಿಗಾಲಿನಲ್ಲಿ ನಡೆದರೆ ತಂಪು. ಆ ಅಂಗಳದಲ್ಲಿ ಭತ್ತದ ಕಟ್ಟು ಬಡಿಯುವ ಸದ್ದು ಆಚೆ ಗುಡ್ಡೆಗೆ ಹೋಗಿ ತಿರುಗಿ ಬರುತ್ತಿತ್ತು. ನನ್ನ ಮದುವೆಯಾದದ್ದೂ ಅದೇ ಅಂಗಳದಲ್ಲಿ, ಗಂಡನ ಮನೆಯಿಂದ ತಿರುಗಿ ಬಂದು ನಿಂತದ್ದೂ ಅದೇ ಅಂಗಳದಲ್ಲಿ.

ಇದನ್ನೆಲ್ಲ ಒಂದು ಸಂಜೆ ಸಾಹೇಬರಿಗೆ ಹೇಳಿದೆ. ಅವರು ಗಂಜಿ ತಣಿಯುವವರೆಗೆ ಕೇಳಿದರು.

“ಅಂದರೆ ನಿನಗೆ ಪಿಚ್ ಮಾಡಲು ಬರ್ತದೆ.”

“ಪಿಚ್ ಗಿಚ್ ಗೊತ್ತಿಲ್ಲ. ಅಂಗಳ ಮಾಡಲು ಬರ್ತದೆ.”

“ಅದೇ ಅದು” ಎಂದರು. ಅದೇ ಅಲ್ಲವೆಂದು ನಮಗಿಬ್ಬರಿಗೂ ಆಗ ಗೊತ್ತಿರಲಿಲ್ಲ.

ಜಹ್ರಾದ ಹತ್ತಿರ ಸಾಹೇಬರ ಗೆಳೆಯ ಒಬ್ಬ ಕುವೈತಿ ಮುದುಕನ ತೋಟವಿತ್ತು. ಆ ಕಡೆ ಬರೇ ಮರಳಲ್ಲ, ಮಣ್ಣುಂಟು. ಈರುಳ್ಳಿ, ಟೊಮೆಟೊ ಬೆಳೆಯುತ್ತಾರೆ, ಮೂಲೆಯಲ್ಲಿ ಕೆಲವು ದನಗಳು. ಇರಾಕಿನ ಯುದ್ಧ ಮುಗಿದ ಮೇಲೆ ಇಲ್ಲಿ ಹುಗಿದಿದ್ದ ನೆಲಬಾಂಬುಗಳನ್ನು ತೆಗೆಯಲು ಪಾಕಿಸ್ತಾನದ ಸೈನ್ಯದವರು ಬಂದಿದ್ದರಂತೆ. ಆಗ ಸಾಹೇಬರ ಜನ ಈ ತೋಟವನ್ನು ಅಂಗೈ ಅಂಗೈ ಅಳತೆಯಲ್ಲಿ ಹುಡುಕಿ ಸ್ವಚ್ಛ ಮಾಡಿಕೊಟ್ಟಿದ್ದರು. ಅಂದಿನ ಗೆಳೆತನ ಅದು.

ಕುವೈತಿ ಮುದುಕ ನಕ್ಕ. “ಕರ್ನಲ್, ಎಲ್ಲಿ ಬೇಕಾದರೂ ಅಗೆ. ಈ ನೆಲ ನನಗಿಂತ ನಿನಗೇ ಹೆಚ್ಚು ಗೊತ್ತು. ನನ್ನ ಈರುಳ್ಳಿ ಮಾತ್ರ ಮುಟ್ಟಬೇಡ.”

ಸಾಹೇಬರು ಕಾರಿನವನ ತೋಳು ಹಿಡಿದು ನಡೆಯುತ್ತಾ, ಕೋಲಿನಿಂದ ನೆಲ ಚುಚ್ಚಿ ಚುಚ್ಚಿ ಜಾಗ ಆರಿಸಿದರು. ಚುಚ್ಚುವ ರೀತಿ ನೋಡಿದರೆ ಗೊತ್ತಾಗುತ್ತಿತ್ತು, ಹಿಂದೆ ಬಾಂಬು ಹುಡುಕಿದ್ದು ಹೀಗೆಯೇ ಇರಬೇಕು. ಒಂದು ಕಡೆ ನಿಂತು ಬಗ್ಗಿದರು. ಮಣ್ಣು ತೆಗೆದು ಬೆರಳಲ್ಲಿ ಹೊಸೆದು “ಇಲ್ಲಿ” ಎಂದರು.

ಜಲ್ಲಿ ಬಯಲಿನ ಆಟಗಾರರು ಶುಕ್ರವಾರಗಳಂದು ಅಗೆಯಲು ಬಂದರು. ಸಾಹೇಬರ ಲೆಕ್ಕದಂತೆ ಮಣ್ಣು ತುಂಬಿ, ನೀರು ಬಿಟ್ಟು, ಕಾಂಕ್ರೀಟು ತುಂಬಿದ ಡ್ರಮ್ಮನ್ನು ಅದರ ಮೇಲೆ ಉರುಳಿಸಿದರು. ಮುಂದಿನ ವಾರ ಹೋಗಿ ನೋಡಿದರೆ ನೆಲ ಬಿರುಕು ಬಿಟ್ಟು ಹಳೆ ಹಿಮ್ಮಡಿಯ ಹಾಗೆ ಆಗಿತ್ತು. ಮತ್ತೆ ಒಡೆದು ಮಾಡಿದರು. ಮತ್ತೆ ಬಿರಿಯಿತು. ಸಾಹೇಬರು ಅಂಗೈಯಲ್ಲಿ ತಡವಿ ಬಿರುಕುಗಳನ್ನು ಎಣಿಸಿದಂತೆ ಮಾಡಿ ಎದ್ದು ಹೋಗಿ ಕುರ್ಚಿಯಲ್ಲಿ ಕೂತರು. ಹೊರಡುವ ದಿನ ಹತ್ತಿರ ಬರುತ್ತಿತ್ತು.

ಹುಡುಗರು ಮತ್ತೆ ಒಡೆದು ನೀರು ಹೊಯ್ದು ಡ್ರಮ್ಮು ಎಳೆಯಲು ಹೊರಟಾಗ ನನಗೆ ಸುಮ್ಮನಿರಲು ಆಗಲಿಲ್ಲ.

“ಉರುಳಿಸಿದರೆ ಆಗುವುದಿಲ್ಲ. ಬಡಿಯಬೇಕು. ಮಣ್ಣಿಗೆ ಪೆಟ್ಟು ಬೀಳದೆ ಬುದ್ಧಿ ಬರುವುದಿಲ್ಲ.”

“ಯಾವುದರಲ್ಲಿ ಬಡಿಯುವುದು?” ಎಂದರು ಸಾಹೇಬರು.

ಪೆಟ್ಟುಮಣೆ ಇಲ್ಲಿ ಎಲ್ಲಿಂದ ಬರಬೇಕು? ಸುತ್ತ ನೋಡಿದೆ. ಹುಡುಗರು ಆಟಕ್ಕೆಂದು ತಂದಿದ್ದ ಬ್ಯಾಟುಗಳು ಗೋಡೆಗೆ ಒರಗಿದ್ದವು. ಹಿಡಿ ಉಂಟು, ಹಲಗೆ ಉಂಟು, ಒಂದು ಬದಿ ಚಪ್ಪಟೆ. ಇದಕ್ಕಿಂತ ಇನ್ನೇನು ಬೇಕು? ಒಂದನ್ನು ಎತ್ತಿಕೊಂಡು ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಕ್ಕರಗಾಲಿನಲ್ಲಿ ಕೂತೆ. ಹದ ನೋಡಿ ಬಡಿದೆ.

ಒಬ್ಬ ಪಂಜಾಬಿ ಬಾಯಿಗೆ ಕೈ ಇಟ್ಟುಕೊಂಡ. “ಅಮ್ಮಾಜೀ, ಅದು ನನ್ನ ಮ್ಯಾಚಿನ ಬ್ಯಾಟು!”

“ಹೋದ ವಾರ ಇದರಲ್ಲಿ ಸೊನ್ನೆಗೆ ಔಟಾದೆ ಅಲ್ವಾ? ಇವತ್ತಾದರೂ ಇದು ಕೆಲಸಕ್ಕೆ ಬರಲಿ. ಕೂತುಕೋ.”

ಸಾಹೇಬರು ಕುರ್ಚಿಯಲ್ಲೇ ಅಲುಗಾಡಿ ನಕ್ಕರು. “ಚಲೋ, ಎಲ್ಲ ಕೂತುಕೊಳ್ಳಿ. ಬೀಬಿ ಈಗ ಕ್ಯಾಪ್ಟನ್.”

ಮೀಸೆ ಹೊತ್ತ ಗಂಡಸರು ಸಾಲಾಗಿ ಕುಕ್ಕರು ಕೂತು ಬ್ಯಾಟಿನಲ್ಲಿ ನೆಲ ಬಡಿದರು. ಮೊದಮೊದಲು ಒಬ್ಬೊಬ್ಬನದು ಒಂದೊಂದು ತಾಳ. ನಾನು ಬೈದು ಬೈದು ಒಟ್ಟಿಗೆ ತಂದೆ. ಸ್ವಲ್ಪ ಹೊತ್ತಿಗೆ ಎಲ್ಲ ಪೆಟ್ಟು ಒಂದೇ ಸಲ ಬೀಳತೊಡಗಿತು. ಕೂತು ಅಭ್ಯಾಸವಿಲ್ಲದವರು ಅಯ್ಯೋ ಅಮ್ಮಾ ಎಂದು ಸೊಂಟ ಹಿಡಿದುಕೊಂಡರು. ಕುವೈತಿ ಮುದುಕ ಚಹಾದ ಗ್ಲಾಸು ಹಿಡಿದು ನಿಂತು ನೋಡಿದ, ತಲೆ ಅಲ್ಲಾಡಿಸಿ ಹೋದ. ನಾನು ಮೂಡುಬಿದಿರೆ ಬಿಟ್ಟ ಮೇಲೆ ಆ ಸದ್ದು ಕೇಳಿರಲಿಲ್ಲ. ಬಡಿಯುತ್ತಾ ಹೋದೆ.

ಈ ಸಲ ನೆಲ ಬಿರಿಯಲಿಲ್ಲ.

ಹೊರಡುವ ಮೊದಲು ಎರಡು ಶುಕ್ರವಾರ ಉಳಿದಿತ್ತು. ಗುರುವಾರ ನನಗೆ ರಜೆ. ಕಾರಿನವನನ್ನು ಕರೆದುಕೊಂಡು ತೋಟಕ್ಕೆ ಹೋದೆ. ಬಡಿದು ಮುಗಿದ ಅಂಗಳವನ್ನು ಸಾರಿಸದೆ ಬಿಡುವುದು ಹೇಗೆ? ಅದು ತಲೆ ಬಾಚದ ಹೆಂಗಸನ್ನು ಮದುವೆ ಚಪ್ಪರಕ್ಕೆ ಕಳುಹಿಸಿದ ಹಾಗೆ. ದನದ ಕೊಟ್ಟಿಗೆಯಿಂದ ಸೆಗಣಿ ತಂದೆ, ಮಾಂಸ ಸುಡುವ ಒಲೆಯ ಇದ್ದಲು ಅರೆದು ಸೇರಿಸಿದೆ, ಖರ್ಜೂರದ ಗರಿಯ ಕಡ್ಡಿ ಕಟ್ಟಿ ಸಾರಿಸಲು ಹಿಡಿಸೂಡಿ ಮಾಡಿದೆ.

ಕಾರಿನವನು ಮೂಗು ಮುಚ್ಚಿಕೊಂಡು ದೂರ ನಿಂತ. “ಅಕ್ಕ, ಸಾಬರಿಗೆ ಇದು ಗೊತ್ತುಂಟಾ?”

“ಗೊತ್ತಾಗ್ತದೆ. ಮೂಗು ಉಂಟಲ್ಲ ಅವರಿಗೆ.”

“ಇದು ಬೇಡ ಅಂತ ನನಗೆ ಕಾಣ್ತದೆ ಮಾರಾಯ್ತಿ. ಟಿವಿಯಲ್ಲಿ ಎಲ್ಲಿಯೂ ಸೆಗಣಿ ನೋಡಲಿಲ್ಲ ನಾನು.”

“ಟಿವಿಯಲ್ಲಿ ವಾಸನೆ ಬರ್ತದಾ ನಿನಗೆ? ನೀರು ತಾ.”

ಸಾರಿಸಿ ಮುಗಿಸಿ ಎದ್ದಾಗ ಸೊಂಟ ನನ್ನದಾಗಿರಲಿಲ್ಲ. ಅಂಗಳ ಕಪ್ಪಗೆ ಹೊಳೆಯುತ್ತಿತ್ತು. ಅಷ್ಟು ಚಂದದ ನೆಲವನ್ನು ಈ ದೇಶದಲ್ಲಿ ನಾನು ನೋಡಿರಲಿಲ್ಲ.

ಮರುದಿನ ಸಾಹೇಬರು ಬಿಳಿ ಪ್ಯಾಂಟು ಹಾಕಿಕೊಂಡು ಬಂದರು. ಇಸ್ತ್ರಿ ನಾನೇ ಮಾಡಿದ್ದೆ. ಕಾರಿನಿಂದ ಇಳಿದವರೇ ನಿಂತು ಮೂಗು ಎತ್ತಿದರು.

“ಬೀಬಿ, ಏನು ಮಾಡಿದ್ದೀಯ?”

“ಸಾರಿಸಿದ್ದೇನೆ.”

ಅವರು ಮಂಡಿಯೂರಿ ಕೂತು ಎರಡೂ ಅಂಗೈ ನೆಲದ ಮೇಲೆ ಇಟ್ಟರು. “ನಮ್ಮ ಅಮ್ಮ ಮಾಳಿಗೆಗೆ ಹೀಗೇ ಮಾಡ್ತಿದ್ದಳು. ಮಣ್ಣು, ಹುಲ್ಲು, ಸೆಗಣಿ. ನಾವು ಅದರ ಮೇಲೆ ಮಲಗ್ತಿದ್ದೆವು” ಎಂದರು. ನನಗೆ ಗೆದ್ದ ಹಾಗೆ ಆಯಿತು. ಆಮೇಲೆ ಅವರು ಎದ್ದು ಜೇಬಿನಿಂದ ಕೆಂಪು ಚೆಂಡು ತೆಗೆದರು. ಕಾರಿನವನು ಅವರನ್ನು ಸರಿಯಾದ ಕಡೆಗೆ ತಿರುಗಿಸಿ ನಿಲ್ಲಿಸಿದ. ಸಾಹೇಬರು ಓಡಲಿಲ್ಲ, ಒಂದು ಹೆಜ್ಜೆ ಮುಂದಿಟ್ಟು ಕೈ ಎತ್ತಿದರು. ಆ ಕೈಗೆ ವಯಸ್ಸಾಗಿರಲಿಲ್ಲ. ಕುರ್ಚಿಯಲ್ಲಿ ಕೂರುವ ಮುದುಕನ ಕೈಯಲ್ಲ ಅದು, ಗೋಡೆಯ ಫೋಟೋದ ಹುಡುಗನದು.

ಚೆಂಡು ಬಿತ್ತು. ಹಸಿ ರೊಟ್ಟಿ ಹಿಟ್ಟು ನೆಲಕ್ಕೆ ಬಿದ್ದ ಹಾಗೆ ಒಂದು ಮೆತ್ತನೆಯ ಸದ್ದು. ಏಳಲೇ ಇಲ್ಲ, ಜಾರಿಕೊಂಡು ಹೋಗಿ ಆಚೆ ನಿಂತವನ ಕಾಲಿಗೆ ಬಡಿಯಿತು. ಕೆಂಪು ಚೆಂಡಿನ ಒಂದು ಮಗ್ಗುಲು ಕಪ್ಪಾಗಿತ್ತು.

ಯಾರೋ ನಕ್ಕರು, ಮತ್ತೆ ನಿಲ್ಲಿಸಿದರು.

“ಬೀಬಿ, ಇದರ ಮೇಲೆ ಭತ್ತ ಒಣಗಿಸಬಹುದು” ಎಂದರು ಸಾಹೇಬರು. ತಮಾಷೆ ಮಾಡಿದರು, ಆದರೆ ಮುಖದಲ್ಲಿ ತಮಾಷೆ ಇರಲಿಲ್ಲ.

“ಕೆರೆದು ತೆಗೆಯುವಾ ಸಾಬ್?” ಎಂದು ಒಬ್ಬ ಸಲಿಕೆ ಎತ್ತಿದ.

“ಮುಟ್ಟಿದರೆ ಕೈ ಮುರಿಯುತ್ತೇನೆ” ಎಂದೆ ನಾನು. “ಹಸಿ ಉಂಟು, ಅದಕ್ಕೆ ಹೀಗೆ. ಕೆರೆದರೆ ಬಡಿದದ್ದೂ ಏಳ್ತದೆ. ಒಂದು ವಾರ ಬಿಸಿಲು ಕುಡಿಯಲಿ. ಆಮೇಲೆ ಕಲ್ಲಿನ ಹಾಗೆ ಗಟ್ಟಿ.”

ಸಾಹೇಬರು ಯೋಚಿಸಿದರು. “ಇನ್ನೊಂದು ಶುಕ್ರವಾರ ಉಂಟಲ್ಲ. ಆಗಲಿ” ಎಂದರು.

ಆ ಶುಕ್ರವಾರ ಬಂತು, ಧೂಳನ್ನೂ ತಂದಿತು. ಹಿಂದಿನ ಸಂಜೆಯೇ ಆಕಾಶ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಬೆಳಿಗ್ಗೆ ಕಿಟಕಿಯಿಂದ ಎದುರಿನ ಕಟ್ಟಡ ಕಾಣುತ್ತಿರಲಿಲ್ಲ. ಒದ್ದೆ ಬಟ್ಟೆ ಕಟ್ಟಿದರೂ ಹಲ್ಲಿನಲ್ಲಿ ಮರಳು. ಮಗಳು ಬಾಗಿಲಿಗೆ ಅಡ್ಡ ನಿಂತಳು.

“ಅಬ್ಬೂ, ಈ ಗಾಳಿ ನಿಮ್ಮ ಎದೆಗೆ ಹೋದರೆ ನಾಡಿದ್ದು ವಿಮಾನವೂ ಇಲ್ಲ, ನೀವೂ ಇಲ್ಲ.”

ಅವರು ಬಿಳಿ ಪ್ಯಾಂಟು ಹಾಕಿ ಸಿದ್ಧರಾಗಿ, ಚೆಂಡು ಕೈಯಲ್ಲಿ ಹಿಡಿದು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತರು. ಗಾಳಿ ಇಳಿಯಿತೇ ಎಂದು ಆಗಾಗ ಕೇಳಿದರು. ನಾನು ಕಿಟಕಿಗೆ ಹೋಗಿ ನೋಡಿ ಬಂದು ಇಲ್ಲವೆನ್ನುತ್ತಿದ್ದೆ. ಮಧ್ಯಾಹ್ನದ ಬಾಂಗ್ ಆಯಿತು. ಗಾಳಿ ಇಳಿಯಲಿಲ್ಲ.

“ಖಲಾಸ್” ಎಂದರು. ಚೆಂಡನ್ನು ನನ್ನ ಕಡೆ ಚಾಚಿದರು. “ನನ್ನನ್ನು ಯಾರಿಗೆ ಕೊಡ್ತೀರಿ ಅಂತ ಕೇಳ್ತಿದ್ದೆಯಲ್ಲ. ನಿನ್ನನ್ನು ಕೊಡಲಿಕ್ಕೆ ಆಗಲಿಲ್ಲ. ಇದನ್ನು ನಿನಗೆ ಕೊಡ್ತೇನೆ.”

“ನನಗೆ ಯಾಕೆ ಸಾಬ್? ತೆಂಗಿನಕಾಯಿಯಾದರೆ ಒಡೆದು ಚಟ್ನಿ ಮಾಡಬಹುದಿತ್ತು.”

ಆದರೂ ತೆಗೆದುಕೊಂಡೆ.

ಅವರು ಹೋದ ಮೇಲೆ ಇಲ್ಲಿ ಇರಲು ಬೇಕಾದ ನನ್ನ ಇಕಾಮಾ ಕಾಗದ ಹವಲ್ಲಿಯ ಒಂದು ಮನೆಯ ಹೆಸರಿಗೆ ಆಯಿತು. ನಾಲ್ಕನೇ ಮಾಳಿಗೆ, ಬಿಳಿ ಟೈಲ್ಸ್, ಜಾರುತ್ತದೆ. ಮನೆಯವರು ಒಳ್ಳೆಯವರು, ಮೊಬೈಲ್ ಅಂಗಡಿ ಉಂಟು ಅವರಿಗೆ. ಗಂಜಿ ಕುಡಿಯುವವರು ನಾನೊಬ್ಬಳೇ. ಬಟ್ಟಲನ್ನು ಈಗಲೂ ಒಂದೇ ಜಾಗದಲ್ಲಿ ಇಡುತ್ತೇನೆ, ಕೈಗೆ ಅಭ್ಯಾಸವಾಗಿದೆ.

ಒಂದು ದಿನ ಕೆನಡಾದಿಂದ ಫೋನು. ಮಗಳು ಹಿಡಿದು ಕೊಟ್ಟಳು. ಈಗ ಬೆಳಕು ಮಾತ್ರ ಗೊತ್ತಾಗುತ್ತದಂತೆ ಅವರಿಗೆ. ಅಲ್ಲಿ ನೆಲವೇ ಇಲ್ಲ ಎಂದರು. ಹೊರಗೆ ಹುಲ್ಲಿನ ಚಾಪೆ, ಒಳಗೆ ಮರದ ಹಲಗೆ. ಸುತ್ತಿ ಬಳಸಿ ಕೊನೆಗೆ ಕೇಳಿದರು. “ಬೀಬಿ, ನಿನ್ನ ಅಂಗಳ ಒಣಗಿತೇ?”

ನಾನು ಹೋಗಿ ನೋಡಿರಲಿಲ್ಲ.

ಮುಂದಿನ ಶುಕ್ರವಾರ ಬೆಳಿಗ್ಗೆ ಬೇಗ ಕಾರಿನವನನ್ನು ಎಬ್ಬಿಸಿದೆ. ಅವನು ಈಗ ಬೇರೆ ಕಡೆ ಕೆಲಸಕ್ಕಿದ್ದಾನೆ. ಗೊಣಗಿದ, ಬಂದ. ತೋಟದಲ್ಲಿ ಧೂಳು ಅಂಗಳವನ್ನು ಮುಚ್ಚಿತ್ತು. ಗುಡಿಸಿದೆ. ಕೆಳಗೆ ಕಪ್ಪು ಹೋಗಿ ಬೂದುಬಣ್ಣ ಬಂದಿತ್ತು. ಸೆಗಣಿ ತೆಳ್ಳಗೆ ಒಣಗಿ ಮಣ್ಣಿಗೆ ಕಚ್ಚಿಕೊಂಡಿತ್ತು. ಬೆರಳಿನ ಗಂಟಿನಲ್ಲಿ ತಟ್ಟಿ ನೋಡಿದೆ, ಗಟ್ಟಿ.

ಕಾರಿನವನು ಕೆನಡಾಕ್ಕೆ ಕರೆ ಹಚ್ಚಿ ಫೋನನ್ನು ನೆಲದ ಹತ್ತಿರ ಹಿಡಿದ. ನಾನು ಚೆಂಡು ಬಿಸಾಡಿದೆ. “ಏನೂ ಕೇಳಿಸಲಿಲ್ಲ” ಎಂದರು ಸಾಹೇಬರು. ಮತ್ತೆ ಬಿಸಾಡಿದೆ. ಇಲ್ಲ. ಕರೆಯಲ್ಲಿ ಮಾತು ಮಾತ್ರ ಹೋಗುತ್ತದೆ, ಉಳಿದ ಸದ್ದನ್ನು ಫೋನು ಗಲಾಟೆಯೆಂದು ನುಂಗುತ್ತದೆ ಎಂದ ಕಾರಿನವನು. “ರೆಕಾರ್ಡ್ ಮಾಡಿ ಕಳಿಸುವಾ ಅಕ್ಕ. ಬಾಯಿ ಮುಚ್ಚಿಕೊಂಡು ಹಾಕಿ ಒಂದು ಸಲ.”

ಚಪ್ಪಲಿ ಕಳಚಿ ಬದಿಗಿಟ್ಟೆ. ಸಾಹೇಬರು ಕೈ ಎತ್ತಿದ್ದು ನೆನಪಿತ್ತು, ಹಾಗೆ ಎತ್ತಲು ನೋಡಿದೆ, ಭುಜ ಒಪ್ಪಲಿಲ್ಲ. ಭತ್ತದ ಕಟ್ಟು ಬಡಿಯುವ ಹಾಗೆ ಎರಡೂ ಕೈಯಲ್ಲಿ ತಲೆ ಮೇಲಿಂದ ಹಾಕಿದೆ. ಚೆಂಡು ಬಿದ್ದು ಟಕ್ಕೆಂದು ಎದ್ದಿತು, ಒಂದು ಕಡೆಗೆ ಹೊರಳಿತು. ಕಾರಿನವನು ಅದನ್ನು ಕಳುಹಿಸಿದ. ಕಾದೆವು. ಬಿಸಿಲೇರುತ್ತಿತ್ತು.

ಉತ್ತರ ಬಂತು. ಮೊದಲು ಮಗಳ ಸ್ವರ: “ಖಾಲಾ, ಏನು ಕಳಿಸಿದ್ದೀರಿ? ಅಬ್ಬೂ ಮತ್ತೆ ಮತ್ತೆ ಹಾಕಿಸಿಕೊಳ್ತಿದ್ದಾರೆ, ಮನೆಯಲ್ಲಿ ಯಾರಿಗೂ ನಿದ್ರೆ ಇಲ್ಲ.” ಆಮೇಲೆ ಅವರದು, ನಿಧಾನವಾಗಿ:

“ಬೀಬಿ, ಇದು ಅದಲ್ಲ. ಆದರೆ ಅದರ ಪಕ್ಕದ ಮನೆ. ಇನ್ನೊಂದು ಸಲ ಹಾಕು. ಸ್ವಲ್ಪ ಮುಂದೆ ಬೀಳಲಿ.”

ಪಕ್ಕದ ಮನೆಯಾದರೂ ಸಿಕ್ಕಿತಲ್ಲ ಅವರಿಗೆ. ನನಗೆ ಬೇಕಾದ ಸದ್ದನ್ನು ಕಳುಹಿಸು ಎಂದು ತಮ್ಮನಿಗೆ ಹೇಳಿದರೆ, ಅವನ ಅಂಗಳದಲ್ಲಿ ಈಗ ಬೈಕಿನ ಸ್ಟ್ಯಾಂಡು ಹಾಕುವ ಸದ್ದು ಮಾತ್ರ ಉಂಟು.

“ಸಾಕು ಅಕ್ಕ, ಬಿಸಿಲು” ಎಂದ ಕಾರಿನವನು.

“ನೀನು ಫೋನು ಹಿಡಿ.”

ಚೆಂಡು ಉರುಳಿ ಅಂಗಳದ ಆ ತುದಿಗೆ ಹೋಗಿತ್ತು. ತರಲು ನಾನೇ ಹೋಗಬೇಕು. ಬೈಯುತ್ತಾ ನಡೆದೆ, ಬರಿಗಾಲಿನಲ್ಲಿ, ಬೇಗ ಮುಗಿಯದ ಹಾಗೆ.